ಅಗ್ಗಿಷ್ಟಿಕೆಗೆ ಮೊದಲು ಹೊಗೆಗೂಡು

(ಮಡಿಕೇರಿಯಲ್ಲಿ ಮನೆ ಮತ್ತು ಹೋಂಸ್ಟೇ ಕಟ್ಟಿಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ನಾನು ಎದುರು ನಿಂತು ಕಟ್ಟಿಸಿದ ಮೊದಲ ಅಗ್ಗಿಷ್ಟಿಕೆ ಹೊಗೆಯನ್ನೆಲ್ಲ ಮನೆಯೊಳಕ್ಕೇ ಬಿಟ್ಟಿತು. ಅದೂ ಗೃಹಪ್ರವೇಶದ ಸಂಜೆ, ಮನೆ ತುಂಬ ನೆಂಟರಿದ್ದಾಗ. ಯಜಮಾನರು ಹೆಮ್ಮೆಯಿಂದ ಕಡ್ಡಿ ಗೀರಿದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ಅಂಗಳದಲ್ಲಿ ನಿಂತಿದ್ದರು. ‘ಬೆಳಿಗ್ಗೆ ಹೋಮಕ್ಕೂ ಇಷ್ಟು ಹೊಗೆ ಏಳಲಿಲ್ಲವಲ್ಲ’ ಎಂದು ಹಿರಿಯರೊಬ್ಬರು ನನ್ನ ಮುಖ ನೋಡಿಕೊಂಡೇ ಪುರೋಹಿತರಿಗೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ಅಗ್ಗಿಷ್ಟಿಕೆಯ ಮುಖ ಬಹಳ ಸೊಗಸಾಗಿತ್ತು. ತೇಗದ ಕೆತ್ತನೆ, ಹೊಳೆಯುವ ಕಲ್ಲು, ಎರಡೂ ಬದಿಗೆ ಒಂದೊಂದು ಆನೆ. ಹೊಗೆ ಹೋಗುವುದಕ್ಕೆಂದು ಗೋಡೆಯೊಳಗೆ ಹೂತಿದ್ದು ಮಾತ್ರ 6 ಅಂಗುಲದ ಒಂದು ಸಿಮೆಂಟ್ ಪೈಪು. ಮುಖಕ್ಕೆ ಹತ್ತು ರೂಪಾಯಿ ಕೊಟ್ಟು ಮೂಗಿಗೆ ನಾಲ್ಕಾಣೆ ಕೊಟ್ಟಿದ್ದೆವು. ಅಲ್ಲಿಂದೀಚೆಗೆ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ನಾನು ನೋಡಿದ ಕೆಟ್ಟ ಅಗ್ಗಿಷ್ಟಿಕೆಗಳಲ್ಲಿ ಮುಕ್ಕಾಲುಪಾಲು ಇದೇ ಜಾತಿಯವು. ಅದಕ್ಕೇ ಇವತ್ತು ನಾನು ಹೆಚ್ಚು ಹೇಳುವುದು ಗೋಡೆಯ ಹಿಂದೆ ಏನಿರಬೇಕು ಎಂಬುದನ್ನು.

ನಮಗೆ ಮನೆಯೊಳಗಿನ ಬೆಂಕಿ ಹೊಸದಲ್ಲ. ಅಡುಗೆಮನೆಯ ಒಲೆ, ಬಚ್ಚಲಿನ ಹಂಡೆ ಒಲೆ, ಬಾಣಂತಿಯ ಕೋಣೆಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ, ಇವುಗಳ ನಡುವೆಯೇ ನಮ್ಮ ಹಿಂದಿನವರು ಬದುಕಿದರು. ಆ ಮನೆಗಳಿಗೆ ಹೊಗೆಗೂಡು ಇರಲಿಲ್ಲ. ಹೊಗೆ ಅಟ್ಟಕ್ಕೇರಿ, ಮಾಡು ಹೊರುವ ಮರದ ಪಕ್ಕಾಸು ರೀಪುಗಳಿಗೆ ಹುಳ ಹಿಡಿಯದಂತೆ ಮಸಿ ಬಳಿದು, ಅಟ್ಟದ ಮೇಲಿದ್ದದ್ದನ್ನು ಒಣಗಿಸಿ, ಹುಲ್ಲಿನ ಅಥವಾ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹೆಂಚಿನ ಮಾಡಿನ ಗುಣವೆಂದರೆ ಅದು ಉಸಿರಾಡುತ್ತದೆ. ಕಣ್ಣು ಉರಿಯುತ್ತಿತ್ತು, ಹೆಂಗಸರ ಶ್ವಾಸಕೋಶ ಹಾಳಾಗುತ್ತಿತ್ತು, ಅದು ಬೇರೆ ದುಃಖ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಹೊಗೆಗೂಡಿರುವ ಅಸ್ತ್ರ ಒಲೆ ಹೊರಬಂದದ್ದು ಆ ದುಃಖವನ್ನು ನೋಡಿಯೇ. ಆದರೆ ವಿಷಗಾಳಿ ಕಟ್ಟಿಕೊಂಡು ರಾತ್ರೋರಾತ್ರಿ ಜೀವ ತೆಗೆಯುವಷ್ಟು ಬಿಗಿಯಾದ ಮನೆಗಳು ಅವಾಗಿರಲಿಲ್ಲ.

ಗೋಡೆಯೊಳಗಿನ ಅಗ್ಗಿಷ್ಟಿಕೆ ಇಲ್ಲಿಗೆ ಬಂದದ್ದು ತೋಟದ ಬಂಗಲೆಗಳ ಜೊತೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1850ರ ದಶಕದಲ್ಲಿ ಅವರ ಕಾಫಿ ತೋಟಗಳು ಶುರುವಾದವು. ತಮ್ಮ ಊರಿನ ಚಳಿಯನ್ನು ನೆನೆದು ಅವರು ಇಲ್ಲೂ ಹೊಗೆಗೂಡು ಎಬ್ಬಿಸಿದರು. ಎರಡಡಿ ದಪ್ಪದ ಗೋಡೆ, ಸುಣ್ಣದ ಗಾರೆ, ಎತ್ತರದ ಗೂಡು. ನಾವು ಇವತ್ತು ಆ ಬಂಗಲೆಯ ಮುಖವನ್ನು ಫೋಟೊ ತೆಗೆದುಕೊಂಡು ಬಂದು, ಆರ್‌ಸಿಸಿ ತಾರಸಿ, ಗಾಳಿಯಾಡದ ಕಿಟಕಿ, ಅಡುಗೆಮನೆಯಲ್ಲಿ ಜೋರಾಗಿ ಎಳೆಯುವ ಎಕ್ಸಾಸ್ಟ್ ಫ್ಯಾನು ಇರುವ ಮನೆಗೆ ಅಂಟಿಸುತ್ತಿದ್ದೇವೆ. ಬೆಂಕಿಯ ಬಗ್ಗೆ ನಮಗಿರುವ ಧೈರ್ಯ ಹಳೆಯ ಮನೆಯದು, ನಾವು ಮಲಗುವುದು ಹೊಸ ಮನೆಯಲ್ಲಿ.

ಇನ್ನೊಂದು ನಿಷ್ಠುರದ ಮಾತು. ತೆರೆದ ಅಗ್ಗಿಷ್ಟಿಕೆ ಕೋಣೆಯನ್ನು ಬೆಚ್ಚಗಿಡುವ ಸಾಧನವಾಗಿ ಬಹಳ ದಡ್ಡ. ಸೌದೆಯ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು ನಿಮಗೆ ಸಿಕ್ಕಿದರೆ ಪುಣ್ಯ, ಉಳಿದದ್ದು ಆಕಾಶಕ್ಕೆ. ಗಾಜಿನ ಬಾಗಿಲಿರುವ ಕಬ್ಬಿಣದ ಮುಚ್ಚಿದ ಒಲೆ ಅದಕ್ಕಿಂತ ಎಷ್ಟೋ ಪಟ್ಟು ಮೇಲು. ನಮ್ಮ ಚಳಿಗೆ ಸ್ವೆಟರ್ ಸಾಕು. ನಮಗೆ ಬೇಕಾದದ್ದು ಮಳೆಗಾಲದ ತೇವ ಕಳೆಯುವುದು ಮತ್ತು ಬೆಂಕಿಯ ಎದುರು ಕೂತು ಹರಟುವ ಸುಖ. ಇಷ್ಟು ತಿಳಿದೂ ಬೇಕು ಅನ್ನಿಸಿದರೆ ಸಂತೋಷ, ಕಟ್ಟೋಣ.

ಹೊಗೆ ಮೇಲಕ್ಕೆ ಹೋಗುವುದು ಅದಕ್ಕೆ ಮೇಲೆ ಹೋಗುವ ಆಸೆಯಿದೆ ಎಂದಲ್ಲ. ಗೂಡಿನೊಳಗಿನ ಬಿಸಿಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಭಾರದ ಗಾಳಿ ಕೆಳಗಿನಿಂದ ನುಗ್ಗಿ ಹಗುರದ್ದನ್ನು ಮೇಲಕ್ಕೆ ದಬ್ಬುತ್ತದೆ. ಗೂಡು ಎತ್ತರವಾದಷ್ಟೂ, ಬೆಚ್ಚಗಿದ್ದಷ್ಟೂ ಆ ದಬ್ಬುವಿಕೆ ಜೋರು. ಅಡಿಯಿಂದ ತುದಿಯವರೆಗೆ 15 ಅಡಿಗಿಂತ ಕಡಿಮೆಯಾದರೆ ಕೆಲಸ ಕಷ್ಟ. ಈ ಎಳೆತ ಬಹಳ ಸೂಕ್ಷ್ಮವಾದದ್ದು. ಅಡುಗೆಮನೆಯ ಫ್ಯಾನು ಹಾಕಿದರೆ ಅದು ತಿರುಗುಮುರುಗಾಗಿ ಹೊಗೆ ಕೆಳಗಿಳಿಯಬಹುದು. ಬೆಂಕಿಗೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಿಮ್ಮ ಇಂಜಿನಿಯರ್ ಉತ್ತರ ಹೇಳಬೇಕು. ಹೊರಗೋಡೆಯಿಂದ ಅಗ್ಗಿಷ್ಟಿಕೆಯ ಹತ್ತಿರಕ್ಕೆ ಒಂದು ಗಾಳಿ ಕೊಳವೆ ತಂದುಬಿಡುವುದು ಒಳ್ಳೆಯದು.

ಈಗ ಗೂಡಿನ ಅಗಲ. ಬೆಂಕಿಯ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಗೂಡಿನ ಒಳಗಿನ ವಿಸ್ತೀರ್ಣ ಇರಬೇಕು ಎಂಬುದು ಹಳೆಯ ಲೆಕ್ಕ. 3 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಬಾಯಿ ಎಂದರೆ 1080 ಚದರ ಅಂಗುಲ. ಹತ್ತನೇ ಒಂದು ಎಂದರೆ 108. ನಾನು ಹೂಳಿಸಿದ್ದ 6 ಅಂಗುಲದ ಪೈಪಿನ ಒಳಗೆ ಇದ್ದದ್ದು 28. ಹೊಗೆ ಪುರೋಹಿತರ ಮೇಲೆ ಬರದೆ ಇನ್ನೆಲ್ಲಿಗೆ ಹೋಗಬೇಕಿತ್ತು? ಎತ್ತರದ ಮಟ್ಟಿಗೆ ಅಮೆರಿಕದವರ ಮನೆ ಕಟ್ಟುವ ನಿಯಮ ನೆನಪಿಡಲು ಸುಲಭ: ಮಾಡನ್ನು ತೂರಿ ಹೊರಬಂದ ಜಾಗದಿಂದ ಕನಿಷ್ಠ 3 ಅಡಿ, ಸುತ್ತ 10 ಅಡಿಯೊಳಗೆ ಮಾಡಿನ ಎರಡು ಇಳಿಜಾರು ಕೂಡುವ ಗೆರೆಯೋ ನೀರಿನ ಟ್ಯಾಂಕೋ ಏನೇ ಇರಲಿ, ಅದಕ್ಕಿಂತ 2 ಅಡಿ ಮೇಲೆ. ಇಲ್ಲದಿದ್ದರೆ ಮಾಡಿಗೆ ಬಡಿದು ಮಗುಚುವ ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ನಮ್ಮಲ್ಲಿ ಮಳೆ ಅಡ್ಡಡ್ಡ ಹೊಡೆಯುವುದರಿಂದ ಗೂಡಿಗೊಂದು ಟೋಪಿ ಬೇಕೇ ಬೇಕು. ಟೋಪಿಯ ಸುತ್ತ ಜಾಗ ಬಿಟ್ಟು ಗಟ್ಟಿ ತಂತಿಬಲೆ ಹಾಕಿಸಿ. ಅಳಿಲು, ಹಕ್ಕಿ, ಜೇನು ಮೂವರಿಗೂ ಹೊಗೆಗೂಡು ಎಂದರೆ ಬಾಡಿಗೆಯಿಲ್ಲದ ಮನೆ.

ಇಟ್ಟಿಗೆಯ ಗೂಡಿನ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. 15 ಅಡಿಯ ಸಾಧಾರಣ ಗೂಡು ಮೂರೂವರೆ ಟನ್ ತೂಗುತ್ತದೆ. ಅದನ್ನು ಒಳಗಿನ ನೆಲಗಾರೆಯ ಮೇಲೆ ನಿಲ್ಲಿಸುವಂತಿಲ್ಲ, ಅದಕ್ಕೆ ಅದರದೇ ಅಡಿಪಾಯ ಬೇಕು. ಗುಡ್ಡದ ಬರೆ ಕಡಿದು ಮಣ್ಣು ತುಂಬಿಸಿದ ಜಾಗದಲ್ಲಂತೂ ಇನ್ನೂ ಎಚ್ಚರ. 2018ರ ಆಗಸ್ಟಿನ ಭೂಕುಸಿತ ನೋಡಿದ ಈ ಊರಿಗೆ ಅದನ್ನು ನಾನು ವಿವರಿಸಬೇಕಿಲ್ಲ.

ಮುಂದಿನ ವಿಷಯಕ್ಕೆ ನಾನು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಸೋಮವಾರಪೇಟೆಯ ಕಡೆ ಒಂದು ಮನೆ. ಚೆಂದವಾಗಿ ಕಟ್ಟಿದ ಅಗ್ಗಿಷ್ಟಿಕೆ, ಹೊಗೆ ನೀಟಾಗಿ ಹೋಗುತ್ತಿತ್ತು. ನಾಲ್ಕು ಚಳಿಗಾಲ ಏನೂ ಆಗಲಿಲ್ಲ. ಐದನೆಯ ಚಳಿಗಾಲದ ಒಂದು ನಡುರಾತ್ರಿ, ಬೆಂಕಿ ಆರಿ ಮೂರು ಗಂಟೆಯಾದ ಮೇಲೆ, ಮಾಡಿನಲ್ಲಿ ಹೊಗೆಯಾಡಿತು. ಮನೆಯವರು ಎಚ್ಚರಾಗಿದ್ದರಿಂದ ಜೀವ ಉಳಿಯಿತು. ಮರುದಿನ ನಾನು ಹೋಗಿ ಗಾರೆ ಕೆತ್ತಿಸಿ ನೋಡಿದರೆ, ಅಟ್ಟದ ತೊಲೆಯ ತುದಿಯನ್ನು ಗೂಡಿನ ಇಟ್ಟಿಗೆಯೊಳಕ್ಕೆ ಕೂರಿಸಿದ್ದರು. ತೊಲೆಗೆ ಆಸರೆ ಬೇಕಿತ್ತು, ಗೂಡು ಗಟ್ಟಿಯಾಗಿತ್ತು, ಮೇಸ್ತ್ರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ತುದಿ ಒಂದಡಿಯಷ್ಟು ಇಜ್ಜಲಾಗಿತ್ತು.

ಮರಕ್ಕೆ ಜ್ವಾಲೆ ತಾಗಲೇಬೇಕೆಂದಿಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ಬಿಸಿಯಾದ ಮರ ಒಳಗೊಳಗೇ ಇಜ್ಜಲಾಗುತ್ತ ಬರುತ್ತದೆ. ಹಾಗಾದ ಮರ ಹಸನಾದ ಮರಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ಅಂದರೆ ನಾಲ್ಕು ವರ್ಷ ಏನೂ ಆಗಲಿಲ್ಲ ಎಂಬುದು ಸುರಕ್ಷಿತ ಎನ್ನುವುದಕ್ಕೆ ಸಾಕ್ಷಿಯಲ್ಲ, ಆ ನಾಲ್ಕು ವರ್ಷವೂ ಮರ ತಯಾರಾಗುತ್ತಿತ್ತು. ಆದ್ದರಿಂದ ಗೂಡಿನ ಹೊರಮೈಗೂ ತೊಲೆ, ಪಕ್ಕಾಸು, ರೀಪುಗಳಿಗೂ ನಡುವೆ ಕನಿಷ್ಠ 2 ಅಂಗುಲ ಬಯಲು ಇರಬೇಕು. ಬೆಂಕಿಪೆಟ್ಟಿಗೆಯ, ಅಂದರೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುವ ಜಾಗದ, ಹಿಂಬದಿಯಲ್ಲಿ 4 ಅಂಗುಲ. ಆ ಬಯಲಿಗೆ ಗಾರೆ ತುಂಬಿದರೆ ಶಾಖಕ್ಕೆ ಸೇತುವೆ ಕಟ್ಟಿಕೊಟ್ಟಂತೆ. ಮಾಡಿನ ಮಟ್ಟದಲ್ಲಿ ತಗಡಿನಿಂದ ಮುಚ್ಚಿ, ಮೇಲಿನಿಂದ ಮಳೆನೀರು ಇಳಿಯದಂತೆ ತಗಡಿನ ಮಡಿಕೆ ಕೊಡಿಸಿ. ಹೆಂಚಿನ ಮಾಡಿನಲ್ಲಿ ಪಕ್ಕಾಸು ಅಡ್ಡ ಬಂದರೆ ಪಕ್ಕಾಸನ್ನೇ ಕತ್ತರಿಸಿ, ಅಡ್ಡಪಟ್ಟಿ ಕೊಟ್ಟು, ಗೂಡಿನಿಂದ ದೂರ ಹಿಡಿಯಬೇಕು. ಬಡಗಿಯೂ ಗಾರೆಯವರೂ ಒಂದೇ ದಿನ ಸ್ಥಳದಲ್ಲಿರುವಂತೆ ನೋಡಿಕೊಳ್ಳಿ. ಈ ಎರಡಂಗುಲ ತಪ್ಪಿಹೋಗುವುದು ಅವರಿಬ್ಬರೂ ಬೇರೆಬೇರೆ ವಾರ ಬರುವುದರಿಂದ.

ಬೆಂಕಿ ತಾಗುವ ಒಳಮೈಗೆ ಫೈರ್ ಬ್ರಿಕ್ ಬೇಕು, ಅದನ್ನು ಕೂರಿಸಲು ಶಾಖ ತಡೆಯುವ ಗಾರೆ ಬೇಕು. ಕಾಲು ಅಂಗುಲಕ್ಕಿಂತ ದಪ್ಪದ ಸಂದು ಬೇಡ. ಮಾಮೂಲಿ ಸಿಮೆಂಟ್ ಗಾರೆ 300 ಡಿಗ್ರಿ ದಾಟುತ್ತಿದ್ದಂತೆ ಬಲ ಕಳೆದುಕೊಳ್ಳುತ್ತ ಹೋಗುತ್ತದೆ, ಎರಡು ಚಳಿಗಾಲದಲ್ಲಿ ಉದುರುತ್ತದೆ. ಗೂಡಿನೊಳಗೆ ಮಣ್ಣಿನ ಸುಟ್ಟ ಕೊಳವೆಯನ್ನೋ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯನ್ನೋ ಇಳಿಸಬೇಕು. ಬರೀ ಇಟ್ಟಿಗೆಯ ಒರಟು ಮೈಗೆ ಮಸಿ ಕಚ್ಚುತ್ತದೆ, ಸಂದಿಯಿಂದ ಹೊಗೆ ಪಕ್ಕದ ಕೋಣೆಗೆ ಸೋರುತ್ತದೆ. ಆಸ್ಬೆಸ್ಟಾಸ್ ಸಿಮೆಂಟಿನ ಪೈಪು ಬೇಡವೇ ಬೇಡ, ಬೆಂಕಿಯ ಶಾಖಕ್ಕೆ ಪಟಾಕಿಯಂತೆ ಸಿಡಿಯುತ್ತದೆ. ಜಿಐ ಪೈಪೂ ಬೇಡ, ಅದರ ಮೇಲಿನ ಸತುವು 419 ಡಿಗ್ರಿಗೆ ಕರಗುತ್ತದೆ.

ಬೆಂಕಿಪೆಟ್ಟಿಗೆಯ ಆಕಾರಕ್ಕೆ ಗುರು ಯಾರೆಂದರೆ ಕೌಂಟ್ ರಮ್‌ಫರ್ಡ್. ಅಮೆರಿಕದಲ್ಲಿ ಹುಟ್ಟಿ, ಮ್ಯೂನಿಕ್‌ನಲ್ಲಿ ಆಡಳಿತ ಮಾಡಿ, ಲಂಡನ್ನಿನ ಶ್ರೀಮಂತರ ಮನೆಗಳ ಹೊಗೆ ಬಿಡಿಸಿದ ವಿಚಿತ್ರ ಮನುಷ್ಯ. 1796ರಲ್ಲಿ ಅವನು ಬರೆದದ್ದು ಇಷ್ಟು: ಪೆಟ್ಟಿಗೆ ಆಳವಾಗಿರಬಾರದು, ಬಾಯಿಯ ಅಗಲದ ಮೂರನೇ ಒಂದು ಪಾಲು ಆಳ ಸಾಕು, ಎರಡು ಬದಿಯ ಗೋಡೆಗಳು ಓರೆಯಾಗಿ ಕೋಣೆಯತ್ತ ತೆರೆದುಕೊಳ್ಳಬೇಕು, ಹೊಗೆ ಗೂಡಿಗೇರುವ ಗಂಟಲು 4 ಅಂಗುಲದಷ್ಟು ಕಿರಿದಾಗಿರಬೇಕು. ನಮ್ಮ ಮೇಸ್ತ್ರಿಗಳು ದೇವರಗೂಡಿನ ಹಾಗೆ ಚಚ್ಚೌಕವಾಗಿ, ಆಳವಾಗಿ ಕಟ್ಟುತ್ತಾರೆ. ದೇವರಗೂಡಿಗೆ ಅದು ಸರಿ.

ಇನ್ನು ಮುಖದ ಅಲಂಕಾರಕ್ಕೆ ಬರುತ್ತೇನೆ, ನೀವೆಲ್ಲ ಕಾಯುತ್ತಿರುವುದು ಇದಕ್ಕೇ ಎಂದು ಗೊತ್ತು. ಮೊದಲನೆಯದು ಅವಸರ ಬೇಡ. ಕಟ್ಟಿದ ಮೇಲೆ ಕನಿಷ್ಠ ನಾಲ್ಕು ವಾರ ಒಣಗಲಿ, ಮಳೆಗಾಲವಾದರೆ ಇನ್ನೂ ಹೆಚ್ಚು. ಆಮೇಲೂ ಮೊದಲ ಕೆಲವು ದಿನ ಚಕ್ಕೆಪುರಳೆಯ ಸಣ್ಣ ಉರಿ ಮಾತ್ರ. ಒಳಗೆ ನೀರು ಉಳಿದಿರುವಾಗ ದೊಡ್ಡ ಬೆಂಕಿ ಹಾಕಿದರೆ ಆ ನೀರು ಆವಿಯಾಗಿ ಗಾರೆಯನ್ನು ಸೀಳಿಕೊಂಡು ಬರುತ್ತದೆ.

ಕಲ್ಲಿನ ಆಯ್ಕೆಯಲ್ಲಿ ನಮ್ಮ ನಾಡಿನವರು ಪುಣ್ಯವಂತರು, ಆದರೆ ಎಲ್ಲ ಕಲ್ಲೂ ಬೆಂಕಿಗೆ ಒಗ್ಗುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಬೆಣಚು, ಅಂದರೆ ಕ್ವಾರ್ಟ್ಸ್, ಇದೆ. 573 ಡಿಗ್ರಿಯಲ್ಲಿ ಬೆಣಚಿನ ಹರಳು ತಟ್ಟನೆ ಹಿಗ್ಗುತ್ತದೆ, ಕಲ್ಲು ಚಕ್ಕೆ ಏಳುತ್ತದೆ. ಮುಖಕ್ಕೆ ಹಾಕಿ, ಒಳಗೆ ಬೆಂಕಿಗೆ ಒಡ್ಡಬೇಡಿ. ಚಾಮರಾಜನಗರದ ಕಪ್ಪು ಕಲ್ಲನ್ನು ವ್ಯಾಪಾರದಲ್ಲಿ ಗ್ರಾನೈಟ್ ಎಂದು ಕರೆದರೂ ಅದು ಬೇರೆ ಜಾತಿ, ಬೆಣಚು ಕಡಿಮೆ. ಹೊಳೆಯಿಂದ ಆಯ್ದು ತಂದ ನುಣುಪು ಕಲ್ಲು ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಸಂದಿನಲ್ಲಿ ನೀರು ಕೂತಿರುತ್ತದೆ. ಬಿಸಿಯಾದರೆ ಗುಂಡಿನಂತೆ ಸಿಡಿದೀತು. ನನ್ನನ್ನು ಕೇಳಿದರೆ ಬಳಪದ ಕಲ್ಲಿಗೆ ಸಮನಾದದ್ದಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಅದರ ಮೆದುವನ್ನು ಕಂಡುಕೊಂಡರು. ನಮ್ಮ ಅಜ್ಜಿಯರು ಅದೇ ಕಲ್ಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಹುಳಿ ಕುದಿಸಿದರು. ಒಲೆ ಆರಿದ ಮೇಲೂ ಹುಳಿ ಕುದಿಯುತ್ತಲೇ ಇರುತ್ತಿತ್ತಲ್ಲ, ಆ ಗುಣಕ್ಕಾಗಿಯೇ ಫಿನ್ಲೆಂಡಿನವರು ಇವತ್ತಿಗೂ ಬಳಪದ ಕಲ್ಲಿನಲ್ಲಿ ಅಗ್ಗಿಷ್ಟಿಕೆ ಕಟ್ಟುತ್ತಾರೆ. ನಾವು ಇಟಲಿಯ ಅಮೃತಶಿಲೆ ತರಿಸುತ್ತೇವೆ.

ಬೆಂಕಿಪೆಟ್ಟಿಗೆ ಬಿಸಿಗೆ ಹಿಗ್ಗುತ್ತದೆ, ಮುಖದ ಕಲ್ಲು ಅಷ್ಟು ಹಿಗ್ಗುವುದಿಲ್ಲ. ಎರಡನ್ನೂ ಒಂದೇ ಗಾರೆಯಲ್ಲಿ ಬಿಗಿದರೆ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ನಡುವೆ ಶಾಖ ತಡೆಯುವ ಸೆರಾಮಿಕ್ ಉಣ್ಣೆಪಟ್ಟಿಯ ತೆಳುಪದರ ಕೊಟ್ಟರೆ ಆ ತೊಂದರೆ ಇಲ್ಲ. ಗೋಡೆಗೆ ಸುಣ್ಣದ ಗಾರೆ ಒಳ್ಳೆಯದು. ಪ್ಲೈವುಡ್, ಪಿವಿಸಿ ಹಲಗೆ, ವಾಲ್‌ಪೇಪರ್ ಬಾಯಿಯ ಆಸುಪಾಸಿನಲ್ಲಿ ಬೇಡ. ಮೇಲಿನ ಮರದ ಹಲಗೆಗೂ ಲೆಕ್ಕವಿದೆ: ಬಾಯಿಯಿಂದ 6 ಅಂಗುಲದೊಳಗೆ ಮರವೇ ಕೂಡದು, 12 ಅಂಗುಲದವರೆಗೆ, ದೂರದ ಪ್ರತಿ ಅಂಗುಲಕ್ಕೆ ಎಂಟನೇ ಒಂದು ಅಂಗುಲ ಮಾತ್ರ ಮುಂದಕ್ಕೆ ಚಾಚಬಹುದು. 8 ಅಂಗುಲ ಮೇಲಿರುವ ಹಲಗೆ 1 ಅಂಗುಲಕ್ಕಿಂತ ಹೆಚ್ಚು ಮುಂದೆ ಬರುವಂತಿಲ್ಲ. ಕೆಳಗಿನ ನೆಲ ಮರದ್ದಾಗಿದ್ದರೆ, ನಾನು ಹೇಳಿದ ಅಳತೆಯ ಬಾಯಿಗೆ ಮುಂದೆ 20 ಅಂಗುಲ, ಎರಡೂ ಬದಿಗೆ 12 ಅಂಗುಲ ಕಲ್ಲು ಹಾಸಿ. ಇನ್ನು ಅಗ್ಗಿಷ್ಟಿಕೆಯ ನೆತ್ತಿಯ ಮೇಲೆ ಟಿವಿ ತೂಗುಹಾಕುವ ಈಗಿನ ಖಯಾಲಿ. ವೈರು ಬೆಂದೀತು, ಟಿವಿ ಕೆಟ್ಟೀತು. ಅದಕ್ಕಿಂತ ಹೆಚ್ಚಾಗಿ, ಬೆಂಕಿ ಉರಿಯುತ್ತಿರುವಾಗ ಧಾರಾವಾಹಿ ನೋಡುವವರಿಗೆ ಬೆಂಕಿ ಏಕೆ ಬೇಕು?

ಸೌದೆಯ ಮಾತು. ಒಣಗಿದ ಸೌದೆ ಎಂದರೆ ಅದರಲ್ಲಿ ನೀರು ನೂರಕ್ಕೆ 20ಕ್ಕಿಂತ ಕಡಿಮೆ. ಎರಡು ತುಂಡು ಬಡಿದು ನೋಡಿ, ಟಣ್ ಎಂದರೆ ಒಣಗಿದೆ, ದಬ್ ಎಂದರೆ ಹಸಿ. ಕಾಫಿ ಗಿಡದ ಬೊಡ್ಡೆ ಗಟ್ಟಿಯಾಗಿ, ನಿಧಾನವಾಗಿ ಉರಿಯುತ್ತದೆ. ಸಿಲ್ವರ್ ಓಕ್ ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಕಾಡುಗೇರಿನ ಜಾತಿಯ ಸೊನೆ ಮರಗಳ ಹೊಗೆಗೆ ಮೈ ಬಾತುಕೊಳ್ಳುತ್ತದೆ ಎಂದು ನಿಮ್ಮ ತೋಟದ ಆಳುಗಳಿಗೇ ಗೊತ್ತು. ಬಣ್ಣ ಬಳಿದ ಮರ, ಪ್ಲೈವುಡ್ ತುಂಡು, ಪ್ಲಾಸ್ಟಿಕ್ ಹಾಕಬಾರದು. ಸೀಮೆಎಣ್ಣೆ, ಪೆಟ್ರೋಲ್ ಸುರಿಯಲೇಬಾರದು.

ಹಸಿ ಸೌದೆಯ ತಣ್ಣನೆಯ ಹೊಗೆ ಗೂಡಿನ ಗೋಡೆಗೆ ಡಾಂಬರಿನಂಥ ಜಿಡ್ಡಾಗಿ ಅಂಟುತ್ತದೆ. ಆ ಜಿಡ್ಡಿಗೆ ಒಂದು ದಿನ ಕಿಡಿ ತಗುಲಿದರೆ ಗೂಡೇ ಹೊತ್ತಿ, ರೈಲು ಬಂದಂಥ ಸದ್ದಿನೊಂದಿಗೆ 1000 ಡಿಗ್ರಿಗೂ ಮೇಲೆ ಉರಿಯುತ್ತದೆ. ಆಗ ನೀರು ಎರಚಬೇಡಿ, ಬಿಸಿ ಗೂಡು ಸೀಳಿಹೋಗುತ್ತದೆ. ಗಾಳಿಯ ದಾರಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ. ಅದು ಬಾರದಿರಲು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ಮೊದಲ ಬೆಂಕಿಗೆ ಮುಂಚೆ, ಉದ್ದ ಹಿಡಿಯ ಬ್ರಷ್ಷಿನಿಂದ ಗೂಡು ತಿಕ್ಕಿಸಿ. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಪುಟ್ಟ ಮಕ್ಕಳನ್ನು ಗೂಡಿನೊಳಗೆ ಹತ್ತಿಸುತ್ತಿದ್ದರು. 1875ರ ಕಾಯ್ದೆ ಬಂದ ಮೇಲೆ ಅದು ನಿಂತಿತು. ಗೂಡಿನ ಬುಡದಲ್ಲಿ ಮಸಿ ತೆಗೆಯಲು ಒಂದು ಕಬ್ಬಿಣದ ಕಿರುಬಾಗಿಲು ಇಡಿಸುವುದನ್ನು ಮರೆಯಬೇಡಿ. ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲೇ ತುಂಬಿ ಹೊರಗಿಡಿ. ತಣ್ಣಗಾದಂತೆ ಕಂಡ ಬೂದಿಯಲ್ಲಿ ಕೆಂಡ ಮರುದಿನವೂ ಬದುಕಿರುತ್ತದೆ.

ಹೋಂಸ್ಟೇ ನಡೆಸುವವರು ಇದೊಂದನ್ನು ಬರೆದುಕೊಳ್ಳಿ. ಗೂಡಿನ ಗಂಟಲಿಗೆ ಕಬ್ಬಿಣದ ಮುಚ್ಚಳ ಇರುತ್ತದೆ. ಶಾಖ ಹೊರಗೆ ಹೋಗದಿರಲೆಂದು ಅತಿಥಿಗಳು ಮಲಗುವ ಮುಂಚೆ ಅದನ್ನು ಎಳೆದುಬಿಡುತ್ತಾರೆ. ಕೆಂಡ ಇನ್ನೂ ಕೆಂಪಗಿರುತ್ತದೆ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಆಮೇಲೆ ನಿದ್ದೆ. ಕಿಟಕಿ ಮುಚ್ಚಿದ ಕೋಣೆಗೆ ಇಜ್ಜಲಿನ ಬಾಣಲೆ ತಂದಿಟ್ಟು ಮಲಗುವವರ ಕಥೆಯೂ ಇದೇ. ಮುಚ್ಚಳ ಪೂರ್ತಿ ಮುಚ್ಚದಂತೆ ಒಂದು ತಡೆ ಬೆಸೆಸಿಬಿಡಿ. ಈ ವಿಷಗಾಳಿಯನ್ನು ಗುರುತಿಸಿ ಕೂಗುವ ಪುಟ್ಟ ಯಂತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಬೆಂಕಿ ಇರುವ ಕೋಣೆಗೊಂದು, ಮಲಗುವ ಕೋಣೆಗೊಂದು ಹಾಕಿಸಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತು, ‘ಸ್ವಾಮಿ, ನಮ್ಮದು ಹಳೆಯ ಬಂಗಲೆ. ಅಗ್ಗಿಷ್ಟಿಕೆ ಇದೆ, ನನ್ನ ಮದುವೆಯಾದಾಗಿನಿಂದ ಹಚ್ಚಿಲ್ಲ. ಈಗ ಮೊಮ್ಮಕ್ಕಳು ಹಚ್ಚಿ ಎನ್ನುತ್ತಾರೆ. ಹಚ್ಚಬಹುದೇ?’ ಎಂದು ಕೇಳಿದರು.

‘ಕಡ್ಡಿ ಗೀರುವ ಮುಂಚೆ ಒಂದು ಕನ್ನಡಿ ತನ್ನಿ’ ಎಂದೆ. ಬೆಂಕಿಪೆಟ್ಟಿಗೆಯೊಳಗೆ ಕನ್ನಡಿಯನ್ನು ಓರೆಯಾಗಿ ಹಿಡಿದು ಹಗಲು ಹೊತ್ತಿನಲ್ಲಿ ನೋಡಬೇಕು. ಗೂಡು ನೇರವಾಗಿದ್ದರೆ ಆಕಾಶದ ಚೌಕ ಕಾಣುತ್ತದೆ. ಮೂಡಿಗೆರೆಯ ಹತ್ತಿರದ ಒಂದು ಬಂಗಲೆಯಲ್ಲಿ ನಾನು ಹೀಗೆ ನೋಡಿದಾಗ ಬರೀ ಕತ್ತಲೆ ಕಂಡಿತು. ಹಕ್ಕಿಗೂಡು ಇರಬಹುದೆಂದು ಮೇಲೆ ಹತ್ತಿದೆ. ಮಾಡಿನ ಮೇಲೆ ಹೊಗೆಗೂಡೇ ಇರಲಿಲ್ಲ. ಯಾವುದೋ ಕಾಲದಲ್ಲಿ ಹೆಂಚು ತೆಗೆದು ಶೀಟು ಹಾಕುವಾಗ, ಸೋರುತ್ತದೆಂದು ಗೂಡನ್ನು ಮಾಡಿನ ಕೆಳಕ್ಕೆ ಕಡಿದು ಶೀಟು ಮುಚ್ಚಿಬಿಟ್ಟಿದ್ದರು. ಗೂಡಿನ ಬಾಯಿ ಅಟ್ಟದೊಳಕ್ಕೆ ತೆರೆದಿತ್ತು. ಅದರ ಸುತ್ತ, ಬೆಚ್ಚಗೆ ಒಣಗಿಕೊಂಡಿರಲೆಂದು, ಖಾಲಿ ಗೋಣಿಚೀಲಗಳನ್ನು ಒಪ್ಪವಾಗಿ ಪೇರಿಸಿದ್ದರು.